ಚಾವಣಿ ಇಲ್ಲದ ದೇವರು

ಮೇ ತಿಂಗಳ ನಡುಮಧ್ಯಾಹ್ನ. ಸೇಲಂ ಜಿಲ್ಲೆಯ ತಾರಮಂಗಲಂ ಪಟ್ಟಣ ದಾಟಿ ಒಳರಸ್ತೆ ಹಿಡಿದರೆ ಕೆಮ್ಮಣ್ಣಿನ ಬಯಲು, ಮರಗೆಣಸಿನ ಹೊಲ, ನಡುನಡುವೆ ಮಗ್ಗದ ಮನೆಗಳ ಲಟಪಟ ಸದ್ದು. ನೆರಳೆಂಬುದೇ ಇಲ್ಲ. ಅಂಥ ಬಯಲಿನ ನಡುವೆ ಇದ್ದಕ್ಕಿದ್ದಂತೆ ಒಂದು ಹಸಿರು ಗುಂಪು ಎದುರಾಗುತ್ತದೆ. ನಾಲ್ಕಾರು ಬೇವು, ಒಂದು ಮುದಿ ಹುಣಸೆ, ಬಿಳಲು ಇಳಿಬಿಟ್ಟ ಆಲ. ಬುಡದಲ್ಲಿ ಅರಿಶಿನ ಮೆತ್ತಿದ ಕಲ್ಲು, ನೆಲಕ್ಕೆ ನೆಟ್ಟ ತ್ರಿಶೂಲಗಳು, ಅವುಗಳ ಮೊನೆಗೆ ಚುಚ್ಚಿದ ನಿಂಬೆಹಣ್ಣು, ಬಣ್ಣ ಮಾಸಿದ ಮಣ್ಣಿನ ಕುದುರೆ. ಕೆಲವೆಡೆ ಕಣ್ಣರಳಿಸಿ ಮೀಸೆ ತಿರುವಿ, ಕೈಯಲ್ಲಿ ಮಚ್ಚು ಹಿಡಿದು ಕೂತ ಮುನಿಯಪ್ಪನ್. ಕನ್ನಡಿಗರಿಗೆ ಇವನು ಅಪರಿಚಿತನಲ್ಲ. ಬೆಂಗಳೂರಿನ ಎಷ್ಟೋ ರಸ್ತೆ ತಿರುವಿನ ಮರದಡಿ ಮುನೇಶ್ವರನಾಗಿ ಕೂತವನು ಇವನೇ.

ಇಲ್ಲಿ ಕೊಂಬೆ ಕಡಿಯುವಂತಿಲ್ಲ. ಉದುರಿದ ಪುಳ್ಳೆಯನ್ನು ಒಲೆಗೆ ಒಯ್ಯುವವರೂ ಒಮ್ಮೆ ಹಿಂದೆ ಮುಂದೆ ನೋಡುತ್ತಾರೆ. ಇಂಥ ಜಾಗವನ್ನು ತಮಿಳರು ಕೋಯಿಲ್ ಕಾಡು ಎನ್ನುತ್ತಾರೆ. ಕೊಡಗಿನಲ್ಲಿ ದೇವರಕಾಡು, ಕರಾವಳಿಯಲ್ಲಿ ಬನ, ಕಾಸರಗೋಡಿನ ಕಡೆ ಕಾವು.

ಕಾಡೇ ಗುಡಿ, ಮರವೇ ಮೂರ್ತಿ ಎಂಬ ಮಾತು ಬಂದ ಕೂಡಲೇ ಈಗಿನ ಓದುಗರಿಗೆ ನೆನಪಾಗುವುದು ಯುರೋಪಿನ ಡ್ರೂಯಿಡರು. ಆಸ್ಟರಿಕ್ಸ್ ಕಾಮಿಕ್ಸ್ ಓದಿದವರಿಗಂತೂ ಬಿಳಿ ಗಡ್ಡ, ಬಿಳಿ ನಿಲುವಂಗಿ, ಕೈಯಲ್ಲಿ ಚಿನ್ನದ ಕುಡುಗೋಲು ಹಿಡಿದು ಮದ್ದು ಕುದಿಸುವ ಆ ಮುದುಕ ಚಿರಪರಿಚಿತ. ‘ನಿಸರ್ಗವನ್ನೇ ಪೂಜಿಸಿದ ಜ್ಞಾನಿಗಳು’ ಎಂಬ ಒಕ್ಕಣೆ ಅವರಿಗೆ ಅಂಟಿಕೊಂಡಿದೆ. ಆದರೆ ಅವರ ಬಗ್ಗೆ ಅವರೇ ಬರೆದಿಟ್ಟ ಒಂದು ಸಾಲೂ ಇಲ್ಲ. ನಮಗೆ ಗೊತ್ತಿರುವುದೆಲ್ಲ ಬಹುಮಟ್ಟಿಗೆ ಅವರ ಬನಗಳಿಗೆ ಕೊಡಲಿ ಹಾಕಿದವರ ಕಡೆಯಿಂದ ಬಂದದ್ದು.

ಕಡಿದವರು ಹೇಳಿದ ಕಥೆ

ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಇಂದಿನ ಫ್ರಾನ್ಸ್‌ನ ನೆಲವಾದ ಗಾಲ್ ಮೇಲೆ ದಂಡೆತ್ತಿ ಹೋದ ಜೂಲಿಯಸ್ ಸೀಸರ್ ತನ್ನ ಯುದ್ಧದ ವರದಿಯಲ್ಲಿ ಡ್ರೂಯಿಡರ ಪ್ರಸ್ತಾಪ ಮಾಡಿದ. ಅವರು ಪುರೋಹಿತರು, ವ್ಯಾಜ್ಯ ತೀರಿಸುವವರು, ಗುರುಗಳು. ವಿದ್ಯೆಯನ್ನು ಬರೆದಿಡುವುದು ಅವರಿಗೆ ನಿಷಿದ್ಧ. ಎಲ್ಲವನ್ನೂ ಬಾಯಿಪಾಠ ಮಾಡಬೇಕು. ಕೆಲವರು ಇಪ್ಪತ್ತು ವರ್ಷ ಕಲಿಯುತ್ತಾರೆ ಎಂದು ಅವನ ವರದಿ. ನರಬಲಿಯ ಮಾತನ್ನೂ ಸೇರಿಸಿದ. ಗೆಲ್ಲಬೇಕಾದ ಶತ್ರುವಿನ ಬಗ್ಗೆ ದಂಡನಾಯಕನೊಬ್ಬ ಬರೆದದ್ದನ್ನು ಎಷ್ಟು ನಂಬಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಚಿನ್ನದ ಕುಡುಗೋಲಿನ ಚಿತ್ರ ಕೊಟ್ಟವನು ಪ್ಲಿನಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಈ ರೋಮನ್ ಪಂಡಿತ ತನ್ನ ನಿಸರ್ಗ ಚರಿತ್ರೆಯ ಗ್ರಂಥದಲ್ಲಿ ಹೇಳುವಂತೆ, ಡ್ರೂಯಿಡರಿಗೆ ಎಲ್ಲಕ್ಕಿಂತ ಪವಿತ್ರವಾದುದು ಓಕ್ ಮರದ ಮೇಲೆ ಅಪರೂಪಕ್ಕೆ ಬೆಳೆಯುವ ಬಂದಳಿಕೆ ಮತ್ತು ಅದನ್ನು ಹೊತ್ತ ಆ ಮರ. ಚಂದ್ರಮಾನದ ಆರನೆಯ ದಿನ ಬಿಳಿ ಬಟ್ಟೆಯ ಪುರೋಹಿತ ಮರ ಹತ್ತಿ ಅದನ್ನು ಕೊಯ್ಯುತ್ತಾನೆ. ಕೆಳಗಿದ್ದವರು ಬಿಳಿ ವಸ್ತ್ರ ಹಿಡಿದು ಅದನ್ನು ಆತುಕೊಳ್ಳುತ್ತಾರೆ. ಎರಡು ಬಿಳಿ ಹೋರಿಗಳ ಬಲಿಯಾಗುತ್ತದೆ. ಆ ಬಂದಳಿಕೆಯ ಕಷಾಯ ಬಂಜೆತನ ಕಳೆಯುತ್ತದೆ, ವಿಷ ಇಳಿಸುತ್ತದೆ ಎಂಬ ನಂಬಿಕೆ. ಈ ಬಂದಳಿಕೆಯನ್ನು ಓದುಗರು ನೆನಪಿನಲ್ಲಿಡಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಮತ್ತೆ ಸಿಗಲಿದೆ.

ಲೂಕನ್ ಎಂಬ ಕವಿಯ ಮಹಾಕಾವ್ಯದಲ್ಲಿ ಇನ್ನೊಂದು ದೃಶ್ಯವಿದೆ. ಇಂದಿನ ಮಾರ್ಸೇ ನಗರಕ್ಕೆ ಮುತ್ತಿಗೆ ಹಾಕಿದ ಸೀಸರನಿಗೆ ಮರಮುಟ್ಟು ಬೇಕು. ಹತ್ತಿರದಲ್ಲೇ ಯಾರೂ ಮುಟ್ಟದ ಬನವಿದೆ. ಸೈನಿಕರ ಕೈ ನಡುಗುತ್ತದೆ. ಬೀಸಿದ ಕೊಡಲಿ ತಮ್ಮ ಕಾಲಿಗೇ ತಿರುಗಿ ಬಿದ್ದೀತೆಂಬ ಭಯ. ಸೀಸರ್ ತಾನೇ ಕೊಡಲಿ ಕಿತ್ತುಕೊಂಡು ಮೊದಲ ಏಟು ಹಾಕಿ, ಪಾಪ ಬಂದರೆ ನನಗೆ ಬರಲಿ ಎಂಬರ್ಥದ ಮಾತಾಡುತ್ತಾನೆ. ಇದು ಕಾವ್ಯ, ಇತಿಹಾಸವಲ್ಲ. ಕ್ರಿ.ಶ. 60ರ ಸುಮಾರಿಗೆ ಬ್ರಿಟನ್ನಿನ ಆಂಗಲ್‌ಸೀ ದ್ವೀಪಕ್ಕೆ ರೋಮನ್ ಪಡೆ ನುಗ್ಗಿ ಡ್ರೂಯಿಡರ ಬನಗಳನ್ನು ನೆಲಸಮ ಮಾಡಿದ್ದನ್ನು ದಾಖಲಿಸಿದವನು ಮಾತ್ರ ಇತಿಹಾಸಕಾರ ಟ್ಯಾಸಿಟಸ್.

ಇಂದು ಸ್ಟೋನ್‌ಹೆಂಜ್ ಕಲ್ಲುಗಳ ನಡುವೆ ಬಿಳಿ ನಿಲುವಂಗಿ ತೊಟ್ಟು ಸೂರ್ಯೋದಯಕ್ಕೆ ಕೈಮುಗಿಯುವವರು ಈ ಹಳಬರ ನೇರ ವಾರಸುದಾರರಲ್ಲ. ಆ ಕಲ್ಲುಗಳೇ ಡ್ರೂಯಿಡರಿಗಿಂತ ಸಾವಿರಾರು ವರ್ಷ ಹಿಂದಿನವು. ಇಯೊಲೊ ಮೊರ್ಗಾನುಗ್ ಎಂಬ ವೆಲ್ಷ್ ಕವಿ 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ನಡೆಸಿದ ವಿಧಿಯಿಂದ ಈ ಹೊಸ ಪರಂಪರೆಗೆ ರೂಪ ಬಂತು. ಅವನು ‘ಪ್ರಾಚೀನ’ವೆಂದು ತೋರಿಸಿದ ಬರಹಗಳಲ್ಲಿ ಎಷ್ಟೋ ಅವನದೇ ಸೃಷ್ಟಿ. ಹಾಗೆಂದು ಈಗಿನ ಡ್ರೂಯಿಡರನ್ನು ವೇಷಧಾರಿಗಳೆಂದು ತಳ್ಳಿಹಾಕಲಾಗದು. 2010ರಲ್ಲಿ ಡ್ರೂಯಿಡ್ ನೆಟ್‌ವರ್ಕ್ ಎಂಬ ಸಂಘಟನೆಗೆ ಬ್ರಿಟನ್ನಿನ ಚಾರಿಟಿ ಆಯೋಗ ಧಾರ್ಮಿಕ ಸಂಸ್ಥೆಯ ಮಾನ್ಯತೆ ಕೊಟ್ಟಿತು. ಕಳೆದುಹೋದ ಬನವನ್ನು ಅವರು ಕಲ್ಪನೆಯಿಂದ ಮತ್ತೆ ನೆಡುತ್ತಿದ್ದಾರೆ. ನಮ್ಮಲ್ಲಿ ಬನ ಇನ್ನೂ ಇದೆ, ಕಾಯುವವರೂ ಇದ್ದಾರೆ.

ಮರ ಕಡಿದು ಮಾಡಿದ ರಣಭೇರಿ

ಶತ್ರುವಿನ ಪವಿತ್ರ ಮರ ಕಡಿಯುವುದು ರೋಮನ್ನರದಷ್ಟೇ ಚಾಳಿಯಲ್ಲ. ಸಂಗಂ ಕಾಲದ ತಮಿಳು ನಾಡಿನಲ್ಲಿ ಒಬ್ಬೊಬ್ಬ ಅರಸನಿಗೂ ಒಂದು ಕಾವಲು ಮರ ಇರುತ್ತಿತ್ತು. ಗೆದ್ದವನು ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಉರುಳಿಸುವುದು, ಅದರ ಮರದಿಂದ ತನಗೊಂದು ರಣಭೇರಿ ಮಾಡಿಸಿಕೊಳ್ಳುವುದು. ಚೇರ ದೊರೆ ನೆಡುಂಚೇರಲಾದನ್ ಶತ್ರುಗಳ ಕದಂಬ ಮರವನ್ನು ಕಡಿದು ಭೇರಿ ಮಾಡಿಸಿದನೆಂದು ಪದಿಟ್ರುಪ್ಪತ್ತು ಸಂಕಲನದ ಪದ್ಯಗಳು ಹೊಗಳುತ್ತವೆ.

ಕದಂಬ ಎಂದ ಕೂಡಲೇ ಕನ್ನಡಿಗರ ಕಿವಿ ನಿಮಿರುತ್ತದೆ. ಚೇರನಿಂದ ಮರ ಕಳೆದುಕೊಂಡವರಿಗೂ ಬನವಾಸಿಯ ಕದಂಬರಿಗೂ ನಂಟಿದೆಯೆಂದು ವಾದಿಸಿದವರಿದ್ದಾರೆ, ಅದು ವಾದವಷ್ಟೇ. ಆದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ 5ನೇ ಶತಮಾನದ ಸ್ತಂಭ ಶಾಸನ ಒಂದು ಮಾತನ್ನು ಖಚಿತವಾಗಿ ಹೇಳುತ್ತದೆ: ಮನೆಯ ಬಳಿ ಬೆಳೆದ ಕದಂಬ ಮರವನ್ನು ಆರೈಕೆ ಮಾಡಿದ ಕುಟುಂಬವಾದ್ದರಿಂದ ಆ ವಂಶಕ್ಕೆ ಆ ಹೆಸರು. ಕನ್ನಡ ನಾಡಿನಲ್ಲೇ ಹುಟ್ಟಿ ಅದನ್ನಾಳಿದ ಮೊದಲ ದೊಡ್ಡ ರಾಜಮನೆತನ ತನ್ನ ಗುರುತನ್ನು ಹೊತ್ತದ್ದು ಒಂದು ಮರದಿಂದ.

ಸೇಲಂ ಪಕ್ಕದ ಧರ್ಮಪುರಿಗೂ ಹೀಗೊಂದು ಮರದ ಕಥೆಯಿದೆ. ಸಂಗಂ ಕಾಲದಲ್ಲಿ ಅದು ತಗಡೂರು, ಅದಿಯಮಾನನ ರಾಜಧಾನಿ. ಆಯಸ್ಸು ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿಯೊಂದು ಕೈಗೆ ಸಿಕ್ಕಾಗ ತಾನು ತಿನ್ನದೆ ಅವ್ವೈಯಾರ್ ಎಂಬ ಕವಯಿತ್ರಿಗೆ ಕೊಟ್ಟನೆಂದು ಅವನ ಖ್ಯಾತಿ.

ಜರ್ಮನ್ ಅಧಿಕಾರಿ ಕಂಡ ಬೆಟ್ಟಗಳು

ದೇವರಿಗೆಂದು ಬಿಟ್ಟ ಕಾಡುಗಳತ್ತ ಆಧುನಿಕ ಅರಣ್ಯಶಾಸ್ತ್ರದ ಕಣ್ಣು ಬಿದ್ದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಜರ್ಮನ್ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ ದೇಶವನ್ನೆಲ್ಲ ಸುತ್ತಿದವನು. ನಿವೃತ್ತಿಯ ಬಳಿಕ, 1897ರಲ್ಲಿ, ಭಾರತದ ಪವಿತ್ರ ಬನಗಳ ಬಗ್ಗೆ ಬರೆಯುತ್ತ ಹೆಚ್ಚುಕಡಿಮೆ ಎಲ್ಲ ಪ್ರಾಂತಗಳಲ್ಲೂ ಅವನ್ನು ಕಂಡೆನೆಂದ. ಉದಾಹರಣೆಗೆ ಆರಿಸಿಕೊಂಡ ಕೆಲವೇ ಹೆಸರುಗಳಲ್ಲಿ ಕೊಡಗಿನ ದೇವರಕಾಡೂ ಇದೆ, ಸೇಲಂ ಜಿಲ್ಲೆಯ ಬೆಟ್ಟಸಾಲೂ ಇದೆ.

ಆಗಿನ ಸೇಲಂ ಬಲು ದೊಡ್ಡದು. ಇಂದಿನ ಧರ್ಮಪುರಿ, ಕೃಷ್ಣಗಿರಿ, ನಾಮಕ್ಕಲ್ ಎಲ್ಲವೂ ಅದರೊಳಗೇ. ಹದಿನೇಳನೇ ಶತಮಾನದಲ್ಲಿ ಮೈಸೂರು ಒಡೆಯರ ಪಡೆಗಳು ಈ ಸೀಮೆಗೆ ನುಗ್ಗಿದ್ದವು. ಬಾರಾಮಹಲ್ ಸೇರಿದಂತೆ ಈ ಭಾಗ ಟಿಪ್ಪುವಿನ ಕೈಯಿಂದ ಇಂಗ್ಲಿಷರಿಗೆ ಹೋದದ್ದು 1792ರ ಒಪ್ಪಂದದಲ್ಲಿ. ಇಲ್ಲಿನ ನೇಕಾರರ ಕೇರಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವ ದೇವಾಂಗ ಕುಟುಂಬಗಳಿವೆ, ಚೌಡೇಶ್ವರಿಯ ಹಬ್ಬವಿದೆ.

ಬ್ರಾಂಡಿಸ್ ಹೇಳಿದ ಬೆಟ್ಟಗಳಲ್ಲಿ ವಾಸವಾಗಿರುವವರು ಮಲಯಾಳಿ ಎಂಬ ಬುಡಕಟ್ಟಿನವರು. ಕೇರಳದ ಮಲಯಾಳಿಗಳಲ್ಲ, ತಮಿಳಾಡುವ ಬೆಟ್ಟದ ಜನ. ಏರ್ಕಾಡಿನ ಶೇರ್ವರಾಯನ್ ಬೆಟ್ಟದ ನೆತ್ತಿಯ ಮೇಲೆ ಅವರ ದೇವರು ಗವಿಯೊಳಗಿದ್ದಾನೆ, ಪಕ್ಕದಲ್ಲಿ ಕಾವೇರಿ ಅಮ್ಮನ್. ಮೇ ತಿಂಗಳ ಜಾತ್ರೆಗೆ ಸುತ್ತಲಿನ ಹಳ್ಳಿಗಳೆಲ್ಲ ಬೆಟ್ಟ ಹತ್ತುತ್ತವೆ. ಆದರೆ ಬೆಟ್ಟ ಹಾಗೇ ಉಳಿಯಲಿಲ್ಲ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಕಾಕ್‌ಬರ್ನ್ ಇಲ್ಲಿ ಕಾಫಿ ತಂದ. ಮುಂದೆ ಮೆಟ್ಟೂರಿನ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಬಾಕ್ಸೈಟ್ ಅಗೆತ ನಡೆಯಿತು. ಮೊದಲು ಕಾಡಿನ ನಡುವೆ ದೇವರಿಗೆಂದು ಬಿಟ್ಟ ತುಂಡುಗಳಿದ್ದವು, ಈಗ ತುಂಡುಗಳ ನಡುವೆ ಅಷ್ಟಿಷ್ಟು ಕಾಡು ಎಂಬಂತೆ ಲೆಕ್ಕ ತಿರುವುಮುರುವಾಯಿತು.

ಪ್ರೀತಿಗಿಂತ ಕಟ್ಟುಪಾಡು

ಇಂಥ ಬನಗಳನ್ನು ‘ಪೂರ್ವಜರ ಪರಿಸರ ಪ್ರಜ್ಞೆ’ ಎಂದು ಕೊಂಡಾಡುವುದು ಭಾಷಣಗಳಲ್ಲಿ ರೂಢಿಯಾಗಿಬಿಟ್ಟಿದೆ. ಹಾಗೆ ಹೇಳಿದರೆ ವಿಷಯ ಹಾರಿಹೋಗುತ್ತದೆ. ಬನ ಉಳಿದದ್ದು ಹಸಿರಿನ ಮೇಲಿನ ಅಕ್ಕರೆಗಲ್ಲ, ಅಲ್ಲಿ ಒಬ್ಬ ಯಜಮಾನ ಇದ್ದಾನೆಂಬ ಅಂಜಿಕೆಗೆ. ಮುನಿಯಪ್ಪನ ಮಚ್ಚು ಅಲಂಕಾರಕ್ಕೆ ಹಿಡಿದದ್ದಲ್ಲ. ಅದೇ ಊರಿನವರು ದೇವರದ್ದಲ್ಲದ ಕಾಡನ್ನು ಹಿಂದೆ ಮುಂದೆ ನೋಡದೆ ಕಡಿದು ಹೊಲ ಮಾಡಿದ್ದಾರೆ.

ಕೊಡಗಿನಲ್ಲಿ ಈ ವ್ಯವಸ್ಥೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಜಿಲ್ಲೆಯಲ್ಲಿ 1,214 ದೇವರಕಾಡುಗಳು ದಾಖಲೆಯಲ್ಲಿವೆ. ಎಲ್ಲ ಕೂಡಿ ಸುಮಾರು 2,550 ಹೆಕ್ಟೇರ್. ಅಯ್ಯಪ್ಪ, ಭಗವತಿ, ಭದ್ರಕಾಳಿ, ಮಹಾದೇವ ಹೀಗೆ ಒಂದೊಂದಕ್ಕೆ ಒಬ್ಬೊಬ್ಬ ದೇವರು. ಬೇಟೆಯ ಒಡೆಯನಾದ ಅಯ್ಯಪ್ಪನಿಗೆ ಹರಕೆ ಹೊತ್ತವರು ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಸೇಲಂ ಬಯಲಿನಲ್ಲಿ ಅಯ್ಯನಾರ್‌ಗೆ ಮಣ್ಣಿನ ಕುದುರೆ ಒಪ್ಪಿಸುವಂತೆ. ದೇವರ ಕೆಲಸ ನಡೆಸುವ ದೇವತಕ್ಕ ಮನೆತನ ಹಬ್ಬದ ಕಟ್ಟು ವಿಧಿಸುತ್ತದೆ, ಆ ದಿನಗಳಲ್ಲಿ ಊರಿಗೆ ಊರೇ ಅದನ್ನು ಪಾಲಿಸುತ್ತದೆ. ಒಂದು ಹಬ್ಬಕ್ಕೆ ಒಂದೇ ಜಾತಿ ಸಾಲದು: ಬಾಜಾ ಬಜಂತ್ರಿಯವರು ಒಬ್ಬರು, ದರ್ಶನ ಬರುವವರು ಇನ್ನೊಬ್ಬರು. ದೇವರಪುರದ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಬೆಟ್ಟಕುರುಬರು ದೇವರನ್ನೇ ಬಾಯಿಗೆ ಬಂದಂತೆ ಬೈಯುವ ಹಕ್ಕು ಚಲಾಯಿಸುತ್ತಾರೆ. ತಮ್ಮನ್ನು ಕೈಬಿಟ್ಟ ದೇವರ ಮೇಲೆ ಅವರಿಗೆ ಸಿಟ್ಟಿದೆಯಂತೆ. ಭಕ್ತಿಗೆ ಇಷ್ಟೊಂದು ಸಲಿಗೆ ಇರುವ ಕಡೆ ಕಾಡಿಗೂ ಆಯುಷ್ಯ ಹೆಚ್ಚು ಎಂದು ನನ್ನ ಗುಮಾನಿ.

ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೂ ಹೊರಗಿನ ಸಂಶೋಧಕರೂ ಈ ಕಾಡುಗಳಲ್ಲಿ ಮರ, ಹಕ್ಕಿ, ಅಣಬೆಗಳನ್ನು ಎಣಿಸಿದ್ದಾರೆ. ಕಾಫಿ ತೋಟಗಳ ಕಡಲಿನ ನಡುವೆ ದೇವರಕಾಡು ಪುಟ್ಟದಾದರೂ ಬೇರೆಡೆ ಅಪರೂಪವಾದ ಜೀವಿಗಳಿಗೆ ಆಸರೆ ಕೊಟ್ಟಿದೆ ಎಂಬುದು ಆ ಎಣಿಕೆಯ ಸಾರ.

ಬಂದಳಿಕೆ ಮತ್ತು ನೆಲ್ಲಿ

ಕೇವಲ ಅಂಜಿಕೆಯಲ್ಲ, ತಿಳಿವೂ ಸೇರಿದ್ದು ಹೇಗಿರುತ್ತದೆಂದು ನೋಡಲು ಸೋಲಿಗರ ಬಳಿ ಹೋಗಬೇಕು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಗಡಿಯಾಚೆ ಈರೋಡ್ ಜಿಲ್ಲೆಯ ಸತ್ಯಮಂಗಲಂ, ಬರಗೂರು ಬೆಟ್ಟಗಳವರೆಗೆ ಹಬ್ಬಿರುವ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಜನ ಇವರು. ಬರಗೂರಿನ ಪೂರ್ವಕ್ಕೆ ಇಳಿದರೆ ಮೆಟ್ಟೂರು, ಅಲ್ಲಿಂದ ತಾರಮಂಗಲಂ ದೂರವಲ್ಲ.

ಅವರ ದೊಡ್ಡ ದೇವರಲ್ಲಿ ಒಂದು ದೊಡ್ಡಸಂಪಿಗೆ. ಶತಮಾನಗಳನ್ನು ಕಂಡ, ಬುಡವೇ ಒಂದು ಕೋಣೆಯಷ್ಟಿರುವ ಸಂಪಿಗೆ ಮರ. ಗೋಡೆಯಿಲ್ಲ, ಬಾಗಿಲಿಲ್ಲ. ಬುಡದ ಸುತ್ತ ಸಾಲುಗಲ್ಲು, ತ್ರಿಶೂಲ, ಕೆಳಗೆ ಹರಿಯುವ ಹೊಳೆ.

ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ‘ಎಲ್ಲೆ’ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರನ್ನು ಮಲಗಿಸಿದ ಕಲ್ಲುಗುಡಿ, ನೀರಿನ ಅಬ್ಬಿ ಇರಬೇಕು. ಈ ಜಾಗಗಳನ್ನು ಸೋಲಿಗರ ಹಿರಿಯರೂ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರೂ ಜೊತೆಗೂಡಿ ನಡೆದು ಗುರುತಿಸಿದಾಗ ಐನೂರಕ್ಕೆ ಸಮೀಪದ ತಾಣಗಳು ನಕ್ಷೆಯ ಮೇಲೆ ಬಂದವು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಿದ್ದ ಕಡೆ ಊರು ತುಂಬ ಮನೆಗಳಿದ್ದಂತೆ ದೇವರುಗಳು ಎದ್ದು ನಿಂತರು.

ಇನ್ನು ಬಂದಳಿಕೆ. ಸೋಲಿಗರ ಸಂಪಾದನೆಯಲ್ಲಿ ಜೇನಿನ ಜೊತೆ ಬೆಟ್ಟದ ನೆಲ್ಲಿಗೂ ದೊಡ್ಡ ಪಾಲಿತ್ತು. ಆ ನೆಲ್ಲಿ ಮರಗಳಿಗೆ ಈಚಿನ ದಶಕಗಳಲ್ಲಿ ಬಂದಳಿಕೆ ವಿಪರೀತ ಹತ್ತಿದೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಡ್ರೂಯಿಡರು ಚಿನ್ನದ ಕುಡುಗೋಲಿನಿಂದ ಕೊಯ್ದು ಪೂಜಿಸಿದ ಸಸ್ಯದ ದೂರದ ಬಂಧು ಇದು. ಸೋಲಿಗರಿಗೆ ಅದು ಮರದ ರಸ ಹೀರಿ ಫಸಲು ಕೆಡಿಸುವ ಪೀಡೆ. ಪರಿಹಾರವೂ ಗೊತ್ತಿತ್ತು. ವರ್ಷದ ಮೊದಲಿಗೆ, ಬೇಸಿಗೆ ಬಲಿಯುವ ಮುನ್ನ, ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡುವುದು. ಈ ತರಗುಬೆಂಕಿ ಬೇಗ ಹಾದುಹೋಗುತ್ತದೆ, ದೊಡ್ಡ ಮರವನ್ನು ಸುಡುವುದಿಲ್ಲ. ಬಂದಳಿಕೆಯನ್ನು ಹತೋಟಿಯಲ್ಲಿಡುತ್ತದೆ, ಲಂಟಾನ ಕಳೆಯ ಸಸಿಗಳನ್ನು ಒಣಗಿಸುತ್ತದೆ, ಹುಲ್ಲು ಚಿಗುರಿಸುತ್ತದೆ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರನ್ನು ಪೋಡು ಎಂಬ ಹಾಡಿಗಳಲ್ಲಿ ನೆಲೆಗೊಳಿಸಲಾಯಿತು, ಬೆಂಕಿ ಅಪರಾಧವಾಯಿತು. ನಂತರದ ದಶಕಗಳಲ್ಲಿ ಲಂಟಾನ ಕಾಡಿನ ನೆಲವನ್ನೆಲ್ಲ ಮುಚ್ಚಿತು, ಉಪ್ಪಿಲು ಹೆಚ್ಚಿತು. ಬೆಂಕಿ ನಿಲ್ಲಿಸಿದ್ದೇ ಕಾರಣವೆಂದು ಸೋಲಿಗರು ಹೇಳುತ್ತಲೇ ಬಂದರು. ಬಹುಕಾಲ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ವಿಜ್ಞಾನಿಗಳೇ ಆ ಮಾತನ್ನು ಪರೀಕ್ಷೆಗೆ ಎತ್ತಿಕೊಂಡರು. ‘ನಿಸರ್ಗದೊಂದಿಗೆ ಪವಿತ್ರ ನಂಟು’ ಎಂದರೆ ಕಾಡನ್ನು ಮುಟ್ಟದೆ ಕೈಕಟ್ಟಿ ನಿಲ್ಲುವುದು ಎಂದುಕೊಂಡವರಿಗೆ ಇದು ಕಸಿವಿಸಿ ಉಂಟುಮಾಡುವ ಸಂಗತಿ. ಒಂದು ಮರಕ್ಕೆ ಕೈಮುಗಿಯುವವರೇ ಇನ್ನೊಂದರ ಬುಡಕ್ಕೆ ಬೆಂಕಿ ಇಡುತ್ತಾರೆ.

2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಹಕ್ಕುಪತ್ರ ಬಂದರೂ ತರಗುಬೆಂಕಿ ಮರಳಿ ಬಂದಿಲ್ಲ.

ಚಾವಣಿ ಬಂದ ಮೇಲೆ

ಬನಗಳಿಗೆ ಕೊಡಲಿ ಹಾಕಿದವರು ಹೊರಗಿನವರೇ ಎಂದೇನಿಲ್ಲ. ಕೊಡಗಿನ ದೇವರಕಾಡುಗಳ ಉಸ್ತುವಾರಿ 1905ರಲ್ಲಿ ಕಂದಾಯ ಇಲಾಖೆಗೆ ಹೋಯಿತು, 1985ರಲ್ಲಿ ಅರಣ್ಯ ಇಲಾಖೆಗೆ ಮರಳಿತು. ನಡುವಿನ ಎಂಬತ್ತು ವರ್ಷಗಳಲ್ಲಿ ಅಂಚಿನಿಂದ ಒಂದೊಂದು ಎಕರೆಯಾಗಿ ಕಾಫಿ ಒಳಗೆ ನುಗ್ಗಿತು. ಇದು ಕಣ್ಣಿಗೆ ಕಾಣುವ ಒತ್ತುವರಿ.

ಕಾಣದೆ ನಡೆಯುವುದು ಭಕ್ತಿಯ ಒತ್ತುವರಿ. ದುಡಿಮೆಗೆ ದೂರದ ಊರಿಗೆ ಹೋದವರು ಕೈಯಲ್ಲಿ ಕಾಸಾದ ಮೇಲೆ ಕುಲದೇವರಿಗೆ ಏನಾದರೂ ಮಾಡಬೇಕೆನ್ನುತ್ತಾರೆ. ದೇವರು ಬಿಸಿಲಲ್ಲಿ ಕೂತಿದ್ದಾನಲ್ಲ, ಪಾಪ! ಮೊದಲು ಸುತ್ತ ಕಾಂಕ್ರೀಟ್ ಕಟ್ಟೆ. ಆಮೇಲೆ ಶೀಟು, ಆಮೇಲೆ ಗೋಪುರ. ಬೇರು ಗೋಡೆಯನ್ನು ಸೀಳುತ್ತದೆಂದು ಆಲಕ್ಕೆ ಕೊಡಲಿ. ಎಲೆ ಉದುರಿ ಕಸವಾಗುತ್ತದೆಂದು ಬೇವಿನ ಕೊಂಬೆಗೆ ಕತ್ತರಿ. ವಾಹನ ನಿಲ್ಲಿಸಲು ಹುಣಸೆ ಬುಡಕ್ಕೆ ಟೈಲ್ಸ್. ದಕ್ಷಿಣ ಕನ್ನಡದ ಎಷ್ಟು ನಾಗಬನಗಳು ಹೀಗೆ ಸಿಮೆಂಟಿನ ಅಂಗಳಗಳಾದವೆಂದು ಅಲ್ಲಿನವರಿಗೇ ಗೊತ್ತು. ಸೇಲಂ ಸೀಮೆಯ ಮುನಿಯಪ್ಪನಿಗೂ ಇದೇ ಪಾಡು; ಗಾರೆಯ ಮೂರ್ತಿ ವರ್ಷ ವರ್ಷ ಎತ್ತರವಾಗುತ್ತದೆ, ಹಿಂದಿನ ಮರಗಳು ತೆಳುವಾಗುತ್ತವೆ.

ತಾರಮಂಗಲಂನ ಕೈಲಾಸನಾಥ ದೇಗುಲವನ್ನು ಇಲ್ಲಿ ನೆನೆಯಬೇಕು. ಗಟ್ಟಿ ಮುದಲಿ ಪಾಳೆಯಗಾರರು ಕಟ್ಟಿಸಿ ಬೆಳೆಸಿದ ಈ ಗುಡಿಯ ಶಿಲ್ಪ ನೋಡಲು ದೂರದಿಂದ ಜನ ಬರುತ್ತಾರೆ. ಒಂದು ಕಂಬದ ಬಳಿ ನಿಂತರೆ ಬಾಣ ಹೂಡಿದ ರಾಮನ ಕಡೆಯಿಂದ ವಾಲಿ ಕಾಣುತ್ತಾನೆ, ವಾಲಿಯ ಕಡೆಯಿಂದ ರಾಮ ಕಾಣುವುದಿಲ್ಲ. ಸಿಂಹದ ಬಾಯೊಳಗಿನ ಕಲ್ಲಿನ ಗುಂಡು ಉರುಳುತ್ತದೆ, ಹೊರಬೀಳುವುದಿಲ್ಲ. ಕಲ್ಲಿನಲ್ಲಿ ಇಂಥ ಕುಶಲತೆ ನಾಡಿಗೆ ಹೆಮ್ಮೆ. ಆದರೆ ದೇವರೆಂದರೆ ಹೀಗೇ ಇರಬೇಕೆಂಬ ಮಾದರಿಯೂ ಇಂಥ ಗುಡಿಗಳಿಂದಲೇ ಬಂತು. ಬೇವಿನಡಿಯ ಕಲ್ಲು ಅದನ್ನು ನೋಡಿ ನಾಚಬೇಕಾಯಿತು. ದೊಡ್ಡ ಗುಡಿಗಳು ಕಾಡನ್ನು ಪೂರ್ತಿ ಮರೆತಿವೆಯೆಂದಲ್ಲ. ತಮಿಳುನಾಡಿನ ಹಳೆಯ ದೇವಾಲಯಗಳಲ್ಲಿ ಸ್ಥಳವೃಕ್ಷವೆಂದು ಒಂದೊಂದು ಮರವನ್ನು ಉಳಿಸಿಕೊಂಡಿದ್ದಾರೆ. ಚಿದಂಬರಕ್ಕೆ ತಿಲ್ಲೈ, ಕಾಂಚೀಪುರದ ಏಕಾಂಬರನಾಥನಿಗೆ ಮಾವು, ಮಧುರೆಗೆ ಕದಂಬ. ಕಾಡೊಂದರ ನೆನಪಿಗೆ ಒಂದು ಮರ.

ಕಾಗದದ ಮೇಲೆ ಬನ

ಸರ್ಕಾರದ ದಾಖಲೆಯಲ್ಲಿ ಬನಕ್ಕೆ ಜಾಗವೇ ಇಲ್ಲದಿರುವುದು ಹಳೆಯ ತೊಡಕು. ಪಹಣಿಯಲ್ಲಿ ಅದು ಪೊರಂಬೋಕು, ಗೋಮಾಳ, ಇಲ್ಲವೇ ದೇವಸ್ಥಾನದ ಜಮೀನು. ರಸ್ತೆಗೋ ಶಾಲೆಗೋ ಜಾಗ ಹುಡುಕುವ ಅಧಿಕಾರಿಗೆ ಅಲ್ಲಿ ಕಾಣುವುದು ಖಾಲಿ ನೆಲ.

2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಇದೆ: ಪಾರಂಪರಿಕ ಜೀವವೈವಿಧ್ಯ ತಾಣವೆಂಬ ಘೋಷಣೆ. ದೇಶದಲ್ಲಿ ಮೊದಲ ಬಾರಿಗೆ, 2007ರಲ್ಲಿ, ಅದು ಸಿಕ್ಕಿದ್ದು ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ. ಐವತ್ತನಾಲ್ಕು ಎಕರೆಯ ಆ ತೋಪಿನ ಮುದಿ ಹುಣಸೆಗಳಿಗೆ ಚೋಳರ ಕಾಲದ ಐತಿಹ್ಯವಿದೆ. ತಮಿಳುನಾಡು 2025ರ ಮಾರ್ಚ್‌ನಲ್ಲಿ ದಿಂಡಿಗಲ್ ಜಿಲ್ಲೆಯ ಕಾಸಂಪಟ್ಟಿಯ ವೀರ ಕೋವಿಲ್ ಬನವನ್ನು ಹೀಗೆ ಘೋಷಿಸಿತು. ವಿಸ್ತೀರ್ಣ 4.97 ಹೆಕ್ಟೇರ್, ಅಂದರೆ ಹನ್ನೆರಡು ಎಕರೆ ಚಿಲ್ಲರೆ. ಅದಕ್ಕೆ ಮೂರು ತಿಂಗಳ ಮೊದಲು, 2024ರ ಡಿಸೆಂಬರ್ 18ರಂದು, ರಾಜಸ್ಥಾನದ ಓರಣ್ ಎಂಬ ದೇವರ ಬನಗಳನ್ನು ನೆಲದ ಮೇಲೂ ಉಪಗ್ರಹದಿಂದಲೂ ಗುರುತಿಸಿ ಅರಣ್ಯವೆಂದು ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ದೇಶಕ್ಕೆಲ್ಲ ಒಂದು ನೀತಿ ರೂಪಿಸುವಂತೆಯೂ ಕೇಂದ್ರಕ್ಕೆ ಸೂಚಿಸಿತು.

‘ಅರಣ್ಯ’ ಎಂದು ಬರೆಸಿಕೊಂಡರೆ ನಾಳೆ ಇಲಾಖೆಯವರು ಬೇಲಿ ಹಾಕಿ ನಮ್ಮನ್ನೇ ಹೊರಗೆ ನಿಲ್ಲಿಸಿಯಾರು ಎಂಬ ಅಳುಕು ಹಳ್ಳಿಗಳಲ್ಲಿದೆ. ಸೋಲಿಗರ ಅನುಭವ ನೋಡಿದವರು ಆ ಅಳುಕನ್ನು ಸುಳ್ಳೆನ್ನಲಾರರು. ಪಾರಂಪರಿಕ ತಾಣದ ದಾರಿ ಅಷ್ಟು ಬಿಗಿಯಲ್ಲ. ಊರಿನದೇ ಜೀವವೈವಿಧ್ಯ ನಿರ್ವಹಣಾ ಸಮಿತಿ ಅದಕ್ಕೆ ಕೈಜೋಡಿಸಬಹುದು, ಪೂಜೆ ಜಾತ್ರೆಗಳಿಗೆ ಅಡ್ಡಿಯಿಲ್ಲ. ಅರ್ಜಿಯ ಜೊತೆ ಬನದ ಗಡಿ, ಅದರೊಳಗಿನ ಮರ ಗಿಡ ಬಳ್ಳಿ ಹಕ್ಕಿಗಳ ಪಟ್ಟಿ ಬೇಕು. ಅಂಥ ಪಟ್ಟಿ ಬರೆಸಲು ಹೊರಟವರು ಗೋಪುರಕ್ಕೆ ಚಂದಾ ಎತ್ತುವ ಕಮಿಟಿಯನ್ನು ಬಿಟ್ಟು, ಬೇಲಿಯಾಚೆ ಮೇಕೆ ಕಾಯುತ್ತಿರುವವರನ್ನು ಮೊದಲು ಕೇಳುವುದು ಲೇಸು.